ಒಂದೆಳೆ ಹೊಲಿಗೆ

ನಾನು ಸುಲಭಕ್ಕೆ ಯಾರನ್ನೂ ನಂಬುವ ಹೆಂಗಸಲ್ಲ. ಹಾಲಿನವನು ಒಂದು ಲೀಟರು ಅಂದರೆ ನನ್ನ ಚರಿಗೆಯಲ್ಲಿ ಮತ್ತೊಮ್ಮೆ ಅಳೆಯುತ್ತೇನೆ. ಡಾಕ್ಟರು ಬರೆದ ಮಾತ್ರೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿಯೇ ನುಂಗುತ್ತೇನೆ. ಫಕೀರವ್ವನ ಸಂಶಯ ಅಂದರೆ ಓಣಿಯಲ್ಲೆಲ್ಲ ನಗೆಮಾತು. ನಗಲಿ ಬಿಡಿ, ಹಲ್ಲು ಅವರವು. ಆದರೆ ಈ ಗುಣದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಡೆದದ್ದಕ್ಕೆ ಅರ್ಧ ಕಾರಣ ಅದೇ.

ನಮ್ಮೂರಲ್ಲಿ ಎಲ್ಲವೂ ನಿಧಾನಕ್ಕೆ ಬೀಳುತ್ತದೆ. ಮಾಳಿಗೆಯ ಮೇಲಿಂದ ಕೂಸು ಜಾರಿತು ಅನ್ನಿ, ಕೆಳಗಿನ ತಾಯಿ ಹಂಚಿನ ಮೇಲಿನ ರೊಟ್ಟಿ ಮಗುಚಿ, ಕೈ ಒರೆಸಿಕೊಂಡು ಅಂಗಳಕ್ಕೆ ಬಂದು ಉಡಿಯೊಡ್ಡುತ್ತಾಳೆ. ಕೂಸು ನಗುತ್ತಲೇ ಇಳಿದು ಬರುತ್ತದೆ. ನಲ್ಲಿಯ ಕೆಳಗೆ ಕೊಡ ಇಟ್ಟು ಹೋದರೆ ಒಂದು ಸುತ್ತು ಜಗಳ ಮುಗಿಸಿಕೊಂಡು ಬರಬಹುದು. ಮಳೆ ಶುರುವಾದರೆ ಹನಿ ತಲೆಗೆ ತಾಗುವಷ್ಟರಲ್ಲಿ ಒಣಹಾಕಿದ ಬಟ್ಟೆ, ಹಪ್ಪಳ, ಶ್ಯಾವಿಗೆ ಎಲ್ಲ ಒಳಗೆ ಸೇರಿರುತ್ತವೆ. ಮನೆಗಳಿಗೆ ಮೆಟ್ಟಿಲಿವೆ, ಆದರೆ ಹತ್ತುವುದಕ್ಕೆ ಮಾತ್ರ. ಇಳಿಯುವಾಗ ಅಂಚಿಗೆ ಬಂದು ಹೆಜ್ಜೆ ಎತ್ತಿ ಹಾಕಿದರಾಯಿತು. ಒನಕೆಯೆಂಬುದು ನಮ್ಮಲ್ಲಿಲ್ಲ. ಎತ್ತಿ ಬಿಟ್ಟರೆ ಅದು ಯಾವಾಗ ಬಿದ್ದೀತೆಂದು ಯಾರು ಕಾಯುತ್ತ ಕೂತಾರು? ನಾವು ಎಲ್ಲವನ್ನೂ ಬೀಸುತ್ತೇವೆ. ಗಂಟು ಹಾಕುವುದೂ ಒಂದೇ ಸುತ್ತು, ಹೊಲಿಯುವುದೂ ಒಂದೇ ಎಳೆಯಲ್ಲಿ. ಇಲ್ಲಿ ಯಾವುದೂ ಯಾವುದನ್ನೂ ರಪ್ಪನೆ ಜಗ್ಗುವುದಿಲ್ಲವಾದ್ದರಿಂದ ಅಷ್ಟೇ ಸಾಕು.

ಈ ನಿಧಾನ ಗಡಿಕಲ್ಲಿನವರೆಗೆ ಮಾತ್ರ. ಊರು ದಾಟುವವರು ಅಲ್ಲಿ ನಿಂತು ಒಂದು ಹರಳು ಎತ್ತಿ ಆಚೆ ಕೈಬಿಡುವುದು ಪದ್ಧತಿ. ಅದು ಟಪ್ಪೆಂದು ಬೀಳುವುದನ್ನು ಕಣ್ಣಾರೆ ಕಂಡೇ ಮುಂದೆ ಕಾಲಿಡಬೇಕು, ಮೈಗೆ ನೆನಪಿರಲಿ ಅಂತ. ನನ್ನ ಗಂಡ ನಿಂಗಪ್ಪನೂ ಹರಳು ಬಿಟ್ಟೇ ಹೋಗಿದ್ದ. ಹೊರಗಿನ ಊರಲ್ಲಿ ಗಾರೆ ಕೆಲಸ. ಮೂರನೆಯ ದಿನ ಮಧ್ಯಾಹ್ನ ಯಾರೋ ಕೆಳಗಿನಿಂದ ಊಟಕ್ಕೆ ಕರೆದರಂತೆ. ಬಂದೆ ಅನ್ನುತ್ತ ಮೂರನೇ ಅಂತಸ್ತಿನ ಅಂಚಿನಿಂದ ಹೆಜ್ಜೆ ಎತ್ತಿ ಹಾಕಿದ. ಆಗ ನನ್ನ ಮಗಳು ದಾನೇಶ್ವರಿಗೆ ನಾಲ್ಕು ವರ್ಷ. ಈಗ ಇಪ್ಪತ್ತೆರಡು. ಈ ಹದಿನೆಂಟು ವರ್ಷ ಹೊಲಿಗೆ ಯಂತ್ರ ತುಳಿದು ಅವಳನ್ನು ಸಾಕಿದೆ, ಗಡಿಕಲ್ಲು ಮಾತ್ರ ದಾಟಗೊಡಲಿಲ್ಲ.

ಹೊರಗಿನವರೇ ಗಡಿ ದಾಟಿ ಒಳಗೆ ಬರುತ್ತಾರೆಂದು ಯಾರಿಗೆ ಗೊತ್ತಿತ್ತು? ಹೋದ ವರ್ಷ ದಸರೆ ಆದ ಮೇಲೆ ಪ್ರೀತಂ ಎಂಬುವನು ಒಂದು ವ್ಯಾನು, ಒಬ್ಬ ಕ್ಯಾಮೆರಾದ ಹುಡುಗಿ, ನಾಲ್ಕು ಪೆಟ್ಟಿಗೆ ಸಾಮಾನಿನೊಂದಿಗೆ ಬಂದಿಳಿದ. ಬಂಡೆ ಹತ್ತುವವರಿಗೆ ಹಗ್ಗ, ಕೊಂಡಿ, ಬೂಟು ಮಾರುವ ಕಂಪನಿ ಅವನದು. ಸೊಂಟಕ್ಕೂ ತೊಡೆಗೂ ಬಿಗಿಯುವ ಒಂದು ಬೆಲ್ಟೂ ಇತ್ತು. ಅದಕ್ಕೆ ಅವರು ಹಾರ್ನೆಸ್ ಅನ್ನುತ್ತಾರೆ, ನಮಗೆ ಬೆಲ್ಟೇ. ಇವನ್ನೆಲ್ಲ ಅಂಗಡಿಯಲ್ಲಿಟ್ಟು ಮಾರುವುದಿಲ್ಲವಂತೆ, ವಿಡಿಯೊ ಮಾಡಿ ಫೋನಿನಲ್ಲಿ ಬಿಡುತ್ತಾರಂತೆ, ನೋಡಿದವರು ಅಲ್ಲೇ ಒತ್ತಿ ತರಿಸಿಕೊಳ್ಳುತ್ತಾರಂತೆ. ಬೇರೆ ಕಡೆ ಬೀಳುವುದನ್ನು ಚೆಂದ ಮಾಡಿ ತೋರಿಸಲು ದುಬಾರಿ ಕ್ಯಾಮೆರಾ ಬೇಕು, ಎಷ್ಟೋ ದಿನ ಕೂತು ತಿದ್ದಬೇಕು, ನಮ್ಮೂರಲ್ಲಾದರೆ ಯಾರಾದರೂ ಬಿದ್ದರೆ ಸಾಕು ಎಂದು ಅವನು ಕಟ್ಟೆಯ ಮೇಲೆ ಕೂತು ವಿವರಿಸಿದ. ಅವನ ಹಲ್ಲು ತೀರ ಸಾಲಾಗಿದ್ದವು. ನನಗೆ ಅಲ್ಲೇ ಅನುಮಾನ ಬಂತು.

ಬೀಳಲು ಅವನು ಆರಿಸಿದ್ದು ನನ್ನ ಮಗಳು ದಾನಿಯನ್ನು. ಊರ ಹಿಂದಿನ ಬಂಡೆಯನ್ನು ಚಿಕ್ಕವಳಿದ್ದಾಗಿನಿಂದ ಹತ್ತಿ ಇಳಿದವಳು ಅವಳು. ನನಗೂ ಕೆಲಸ ಸಿಕ್ಕಿತು. ಪಟ್ಟಿ, ಬಕಲ್ ಎಲ್ಲ ಅವರೇ ತಂದುಕೊಡುತ್ತಾರೆ, ನಾನೂ ಪಕ್ಕದ ಮನೆಯ ಹುಸೇನಬಿಯೂ ಬೆಲ್ಟು ಹೊಲಿದುಕೊಡಬೇಕು. ಪಟ್ಟಿಯ ಜೊತೆಗೆ ದಾರವನ್ನೂ ಕೊಟ್ಟ, ಕಿತ್ತಳೆ ಬಣ್ಣದ ಹತ್ತು ಉಂಡೆ. ಇದರಲ್ಲೇ ಹೊಲಿಯಬೇಕು ಎಂದ. ಬಿಚ್ಚಿ ನೋಡಿದರೆ ಗೋಣಿಚೀಲ ಹೊಲಿಯುವಂಥ ದಪ್ಪ ದಾರ. ನನ್ನ ಸೂಜಿಯ ಕಣ್ಣಲ್ಲಿ ತೂರುವುದಿಲ್ಲ. ಓಹೋ, ಒಳ್ಳೆಯ ದಾರದ ದುಡ್ಡು ತಾನಿಟ್ಟುಕೊಂಡು ನಮಗೆ ಕಳಪೆ ಮಾಲು ದಾಟಿಸಿದ್ದಾನೆ ಎಂದುಕೊಂಡೆ. ಹುಸೇನಬಿ, ಅಕ್ಕಾ, ಕೊಟ್ಟವರು ಹೇಳಿದಂತೆ ಮಾಡೋಣ ಎಂದಳು. ನಿನಗೇನು ಗೊತ್ತು ಸುಮ್ಮನಿರು ಎಂದು ಅವಳ ಬಾಯಿ ಮುಚ್ಚಿಸಿದೆ. ಆ ದಾರವನ್ನು ಟ್ರಂಕಿಗೆ ಹಾಕಿ, ಅದೇ ಬಣ್ಣದ ನನ್ನ ನಯವಾದ ದಾರದಲ್ಲಿ, ನನ್ನ ಒಂದೆಳೆ ಹೊಲಿಗೆಯಲ್ಲಿ ಬೆಲ್ಟು ಮಾಡಿದೆ, ಹುಸೇನಬಿಯಿಂದಲೂ ಹಾಗೆಯೇ ಮಾಡಿಸಿದೆ. ಹೊಲಿಗೆಗಳು ಇರುವೆ ಸಾಲಿಟ್ಟ ಹಾಗೆ ಬಂದವು.

ಕ್ಯಾಮೆರಾದ ಹುಡುಗಿಗೆ ಆ ಹೊಲಿಗೆ ಕಂಡು ಹುಚ್ಚೇ ಹಿಡಿಯಿತು. ಬೆಲ್ಟನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಎರಡು ದೀಪ ಹಚ್ಚಿ, ಒಂದೊಂದು ಹೊಲಿಗೆಯನ್ನೂ ಹೆಬ್ಬೆರಳು ಗಾತ್ರಕ್ಕೆ ಕಾಣುವಂತೆ ತೆಗೆದಳು. ಪ್ರೀತಂ ಅದನ್ನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ನೋಡಿ ತಲೆದೂಗಿದ. ಬೆಲ್ಟನ್ನು ಕೈಗೆತ್ತಿಕೊಂಡು ಜಗ್ಗಿ ನೋಡಲಿಲ್ಲ. ದಾರ ಬದಲಾಗಿದ್ದು ಅವನಿಗೆ ತಿಳಿಯಲೇ ಇಲ್ಲ. ನಾನು ಒಳಗೊಳಗೇ ಬೀಗಿದೆ, ಇವನ ಕಳ್ಳಾಟವನ್ನು ಇವನಿಗೇ ಗೊತ್ತಾಗದ ಹಾಗೆ ಮುರಿದೆನಲ್ಲ ಎಂದು.

ವಿಡಿಯೊ ಬಂತು. ಏನು ಹೇಳಲಿ, ನನ್ನ ಮಗಳೇ ಹೌದೋ ಅಲ್ಲವೋ ಅನ್ನಿಸಿತು. ಬೆಳಗಿನ ಬಿಸಿಲಲ್ಲಿ ದಾನಿ ಬಂಡೆಯ ತುದಿಯಿಂದ ಕೈ ಚಾಚಿ ಹೊರಡುತ್ತಾಳೆ. ಜಡೆ ಬಿಚ್ಚಿ ಎಳೆಎಳೆಯಾಗಿ ಹರಡುತ್ತದೆ. ಹಗ್ಗ ಸುರುಳಿ ಬಿಚ್ಚುತ್ತ ಹಿಂದೆಯೇ ಬರುತ್ತದೆ, ಕಡೆಗೆ ಬೆಲ್ಟು ಅವಳನ್ನು ಮೆಲ್ಲಗೆ ಹಿಡಿದು ತೂಗುತ್ತದೆ. ಬರೀ ಪಿಟೀಲಿನ ಸದ್ದು, ಮಾತಿಲ್ಲ. ಕಟ್ಟೆಯ ಮೇಲೆ ಎಲ್ಲರೂ ಬಾಯಿ ತೆರೆದು ನೋಡಿದರು. ನಾನು ಮಾತ್ರ ಹತ್ತಿಪ್ಪತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎಲ್ಲಿ ಮೋಸ ಇದೆ ಎಂದು ಹುಡುಕಿದೆ. ಇಷ್ಟು ಚೆಂದ ತೋರಿಸುವವನು ಏನನ್ನೋ ಮುಚ್ಚಿಡುತ್ತಿರಬೇಕು, ಹಗ್ಗವನ್ನೋ ಬಕಲನ್ನೋ ಎಂದು ನನ್ನ ಲೆಕ್ಕ.

ಎರಡು ತಿಂಗಳು ಬೆಲ್ಟುಗಳು ಬಿಸಿ ಮಿರ್ಚಿಯಂತೆ ಹೋದವು. ನಾವು ಹೊಲಿದು ಕಳಿಸಿದ್ದು ನಾನೂರ ಹನ್ನೆರಡು. ಆಮೇಲೆ ವಿಡಿಯೊದ ಕೆಳಗೆ ಬರೆಯುವವರ ಧಾಟಿ ಬದಲಾಯಿತು. ಇದು ಕಂಪ್ಯೂಟರಿನಲ್ಲಿ ಮಾಡಿದ್ದು ಎಂದ ಒಬ್ಬ. ತಂತಿ ಕಟ್ಟಿ ಇಳಿಸಿದ್ದಾರೆ, ಕೂದಲು ನೋಡಿ ಎಂದ ಇನ್ನೊಬ್ಬ. ಇಷ್ಟು ಚೆನ್ನಾಗಿ ಯಾರೂ ಬೀಳುವುದಿಲ್ಲ ಎಂದು ಯಾರೋ ಬರೆದದ್ದಕ್ಕೆ ಸಾವಿರಾರು ಜನ ಹೌದೆಂದರು. ಪ್ರಪಂಚದಲ್ಲಿ ನನ್ನಂಥವರು ಇಷ್ಟೊಂದು ಜನ ಇದ್ದಾರಲ್ಲ ಎಂದು ಓದಿ ಖುಷಿಪಟ್ಟೆ. ಆ ಖುಷಿ ನಾಲ್ಕು ದಿನವೂ ಉಳಿಯಲಿಲ್ಲ. ಪ್ರೀತಂ ಬಂದು, ಜನ ಚೆಂದದ ವಿಡಿಯೊ ನಂಬುತ್ತಿಲ್ಲ, ಇನ್ನು ಮೇಲೆ ಕೆಟ್ಟದಾಗಿ ತೆಗೆಯಬೇಕು ಎಂದ. ದೀಪ ಬೇಡ, ಪಿಟೀಲು ಬೇಡ. ಕೈಯಲ್ಲಿ ಅಲುಗಾಡುವ ಫೋನು, ಗಾಳಿಯ ಗರಗರ ಸದ್ದು, ಎಲ್ಲ ಕಡೆ ಬೀಳುವಂಥ ಬೀಳುವಿಕೆ. ಅಂದರೆ ಗಡಿಕಲ್ಲಿನ ಆಚೆ, ಬಿಟ್ಟುಹೋದ ಕಲ್ಲುಕ್ವಾರಿಯಲ್ಲಿ ದಾನಿ ಬೀಳಬೇಕು.

ಬೇಡವೆಂದೆ, ಅತ್ತೆ, ಉಪವಾಸ ಬಿದ್ದೆ. ದಾನಿ ಒಂದಕ್ಕೂ ಜಗ್ಗಲಿಲ್ಲ. ಹುಟ್ಟಿದಾಗಿನಿಂದ ಅವಳು ಒಂದು ಸಲವೂ ನಿಜವಾಗಿ ಬಿದ್ದವಳಲ್ಲ. ಅದಕ್ಕೇ ಅವಳಿಗೆ ಆಸೆ.

"ಅಪ್ಪ ಬಿದ್ದಿದ್ದು ಹಗ್ಗ ಇಲ್ಲದ ಅವ್ವಾ," ಎಂದಳು. "ನನಗ ಹಗ್ಗ ಐತಿ, ನಿನ್ನ ಬೆಲ್ಟ್ ಐತಿ. ಒಮ್ಮೆರ ಹೊರಗ ಬಿದ್ದು ಬರ್ತೀನಿ. ಇಲ್ಲಂದ್ರ ಸಾಯೂತನಕಾ ಹೆದರಕೋತ ಕುಂಡ್ರಬೇಕು."

ಆಗ ನಾನು ಮಾಡಬಾರದ್ದೊಂದು ಮಾಡಿದೆ. ಹಗ್ಗ ಕೆಟ್ಟದ್ದೆಂದು ನನಗೆ ಖಾತ್ರಿಯಿತ್ತು, ಪುರಾವೆ ಮಾತ್ರ ಇರಲಿಲ್ಲ. ಹಾಗಾಗಿ ಪುರಾವೆಯನ್ನು ನಾನೇ ಮಾಡಿದೆ. ಅವರು ಊಟಕ್ಕೆ ಕೂತಾಗ ವ್ಯಾನಿನಲ್ಲಿದ್ದ ಹಗ್ಗಕ್ಕೆ ಬ್ಲೇಡಿನಿಂದ ಒಂದು ಗೀರು ಹಾಕಿ, ನೋಡಿ ಇಲ್ಲಿ ಪಿಸಿದಿದೆ ಎಂದು ಕೂಗೆಬ್ಬಿಸಿದೆ. ಕ್ಯಾಮೆರಾದ ಹುಡುಗಿ ನನ್ನ ಸೆರಗಿನ ಗಂಟಿನಲ್ಲಿದ್ದ ಬ್ಲೇಡನ್ನು ನೋಡಿಬಿಟ್ಟಳು. ಪ್ರೀತಂ ಹೊಸ ಹಗ್ಗ ತರಿಸಿದ. ದಾನಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಓಣಿಯಲ್ಲಿ ತಲೆಯೆತ್ತಿ ನಡೆಯುವುದೇ ಕಷ್ಟವಾಯಿತು.

ಕ್ವಾರಿಗೆ ಹೋಗುವ ದಿನ ಬಂತು. ಅವರು ಬರುವುದಕ್ಕಿಂತ ಒಂದು ಗಂಟೆ ಮೊದಲೇ, ಬೆಳಕು ಹರಿದೊಡನೆ, ನಾನೊಬ್ಬಳೇ ಹೊರಟೆ. ಕೈಯಲ್ಲಿ ಒಂದು ಖಾಲಿ ಗೋಣಿಚೀಲ, ಪ್ರೀತಂನ ಹಳೆಯ ಹಗ್ಗದ ಒಳ್ಳೆಯ ತುಂಡು, ಮನೆಯಲ್ಲುಳಿದಿದ್ದ ಒಂದು ಬೆಲ್ಟು. ಈ ಸಲ ಬ್ಲೇಡು ತಂದಿರಲಿಲ್ಲ. ಗಡಿಯಲ್ಲಿ ಹರಳು ಬಿಟ್ಟೆ, ಕೈಯಿಂದ ಜಾರಿದ್ದೇ ತಡ ನೆಲದ ಮೇಲಿತ್ತು. ಕ್ವಾರಿಯ ಮೇಲಿನ ಅಂಚು ಆರಾಳೆತ್ತರ. ಅದರ ಪಕ್ಕಕ್ಕೆ ಎರಡಾಳೆತ್ತರದ ಒಂದು ಗಿಡ್ಡ ಅಂಚಿದೆ, ಅಲ್ಲಿ ಹಳೆಯ ಕಬ್ಬಿಣದ ಗೂಟವಿದೆ. ಚೀಲಕ್ಕೆ ದಾನಿಯಷ್ಟು ಭಾರವಾಗುವ ತನಕ ಜಲ್ಲಿ ತುಂಬಿ, ಬೆಲ್ಟು ಬಿಗಿದು, ಅರ್ಧಕ್ಕೇ ನಿಲ್ಲುವಂತೆ ಹಗ್ಗವನ್ನು ಗೂಟಕ್ಕೆ ಕಟ್ಟಿ, ಅದರ ಕೊಂಡಿಯನ್ನು ಬೆಲ್ಟಿಗೆ ಸಿಕ್ಕಿಸಿ ಕಾಲಿನಿಂದ ತಳ್ಳಿದೆ.

ಚೀಲ ಹೋದದ್ದೂ ಕೆಳಗೆ ಬಡಿದದ್ದೂ ಒಂದೇ ಆಯಿತು. ಗೆದ್ದೆ ಎಂದುಕೊಂಡೆ. ಕಡೆಗೂ ಈ ಮನುಷ್ಯನ ಮೋಸ ಕೈಗೆ ಸಿಕ್ಕಿತು ಎಂದು ಓಡಿ ಇಳಿದೆ. ಹಗ್ಗ ನೋಡಿದೆ, ಒಂದು ಎಳೆಯೂ ಪಿಸಿದಿರಲಿಲ್ಲ. ಬಕಲ್ ನೋಡಿದೆ, ಹಾಕಿದ್ದು ಹಾಕಿದಂತೆಯೇ ಇತ್ತು. ಪಟ್ಟಿ ಗಟ್ಟಿಯಾಗಿತ್ತು. ಹರಿದದ್ದು ನನ್ನ ಹೊಲಿಗೆ. ಆ ಇರುವೆ ಸಾಲಿನಲ್ಲಿ ಒಂದೂ ಉಳಿದಿರಲಿಲ್ಲ. ಜಲ್ಲಿಯ ಮೇಲೆ ಕೂತುಬಿಟ್ಟೆ. ಊರೆಲ್ಲರ ಮೇಲೆ ಸಂಶಯಪಟ್ಟವಳಿಗೆ ತನ್ನ ಕೈ ಮೇಲೆ ಒಂದು ದಿನವೂ ಸಂಶಯ ಬರಲಿಲ್ಲವಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಟ್ರಂಕಿನಲ್ಲಿದ್ದ ದಪ್ಪ ದಾರ ಯಾಕಿತ್ತೆಂದು ಆಗ ಅರ್ಥವಾಯಿತು.

ವ್ಯಾನು ಬಂತು. ನಾನು ಹರಿದ ಬೆಲ್ಟು ಹಿಡಿದುಕೊಂಡು ಓಡಿ ಹೋಗಿ ಎಲ್ಲ ಹೇಳಿದೆ. ದಾರ ಬದಲಿಸಿದ್ದು, ಚೀಲ ತಳ್ಳಿದ್ದು, ಏನನ್ನೂ ಮುಚ್ಚಿಡಲಿಲ್ಲ. ಮೊನ್ನೆ ಹಗ್ಗ, ಇವತ್ತು ಬೆಲ್ಟಾ ಅಮ್ಮಾ ಎಂದು ಪ್ರೀತಂ ನಿಟ್ಟುಸಿರು ಬಿಟ್ಟ. ಬೆಲ್ಟಿನತ್ತ ತಿರುಗಿಯೂ ನೋಡಲಿಲ್ಲ. ಕ್ಯಾಮೆರಾದ ಹುಡುಗಿ ಆಗಲೇ ಫೋನು ಹಿಡಿದು ಅತ್ತಿತ್ತ ಅಲುಗಾಡಿಸಿ ಪರೀಕ್ಷಿಸುತ್ತಿದ್ದಳು. ದಾನಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಹೋದಳು.

"ಕತ್ತರಿ ಎಲ್ಲಿ ಇಟ್ಟೀ, ತೋರಸು."

"ಕತ್ತರಿ ಇಲ್ಲ ದಾನಿ. ನನ್ನ ಹೊಲಿಗಿನೇ ಹರದೈತಿ."

"ನಿನ್ನ ಹೊಲಿಗಿ ಹರಿಯೂದಿಲ್ಲ," ಎಂದಳು. "ನೀ ಏನ್ ಹೇಳಿದ್ರೂ ನಾ ನಂಬೂದಿಲ್ಲ ಅವ್ವಾ, ನಿನ್ನ ಹೊಲಿಗಿ ಒಂದು ನಂಬ್ತೀನಿ."

ಅಷ್ಟು ಹೇಳಿ ಮೇಲಿನ ಅಂಚಿನ ಕಡೆ ಹೊರಟಳು. ಅವಳ ಸೊಂಟದಲ್ಲಿ ನಾನು ಹೊಲಿದ ಬೆಲ್ಟು, ಕಿತ್ತಳೆ ಹೊಲಿಗೆ ಬಿಸಿಲಿಗೆ ಹೊಳೆಯುತ್ತಿತ್ತು. ಕೂಗಿದರೆ ನಾಟಕ ಅನ್ನುತ್ತಾಳೆ. ಕಾಲು ಹಿಡಿದರೂ ನಾಟಕ ಅನ್ನುತ್ತಾಳೆ. ನನ್ನ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿಕೊಂಡವಳು ನಾನೇ. ವ್ಯಾನಿನ ಪೆಟ್ಟಿಗೆಯಲ್ಲಿ ಬಿಚ್ಚದೆ ಇಟ್ಟಿದ್ದ ಇನ್ನೊಂದು ಬೆಲ್ಟಿತ್ತು. ಅದನ್ನೆತ್ತಿ ಸೀರೆಯ ಮೇಲೆಯೇ ಬಿಗಿದುಕೊಂಡು ಗಿಡ್ಡ ಅಂಚಿಗೆ ನಡೆದೆ. ಗೂಟದಲ್ಲಿದ್ದ ಹಗ್ಗದ ಕೊಂಡಿಯನ್ನು ಬೆಲ್ಟಿಗೆ ಸಿಕ್ಕಿಸಿದೆ. ದಾನಿ, ಇಲ್ಲಿ ನೋಡು ಎಂದೆ. ಅವಳು ತಿರುಗಿದಳು. ಕ್ಯಾಮೆರಾದ ಹುಡುಗಿಯೂ ಫೋನು ಹಿಡಿದುಕೊಂಡೇ ತಿರುಗಿದಳು.

ಹೆಜ್ಜೆ ಎತ್ತಿ ಹಾಕಿದೆ. ಎಲ್ಲ ಗೊತ್ತಿದ್ದೂ ನನ್ನ ಮೈ ನಿಧಾನವನ್ನೇ ಕಾಯುತ್ತಿತ್ತು. ಒಂದು ಯೋಚನೆಗೂ ಸಮಯ ಸಿಗಲಿಲ್ಲ. ಸೊಂಟದಲ್ಲಿ ಒಂದು ಜಗ್ಗು, ಪರ್ರೆಂದು ಹರಿದ ಸದ್ದು, ಆಮೇಲೆ ಕಲ್ಲು. ನಿಂಗಪ್ಪನಿಗೂ ಇಷ್ಟೇ ಹೊತ್ತು ಸಿಕ್ಕಿದ್ದು ಎಂಬುದು ಕೆಳಗೆ ಬಿದ್ದ ಮೇಲೆ ಹೊಳೆಯಿತು, ಹದಿನೆಂಟು ವರ್ಷದ ಮೇಲೆ ಅವನಿಗಾಗಿ ಮತ್ತೆ ಅತ್ತೆ. ನೋವಿಗೆ ಅಳುತ್ತಿದ್ದೇನೆಂದು ಅವರು ತಿಳಿದರು. ನೋವೂ ಇತ್ತು, ಬಲಗಾಲು ಎರಡು ಕಡೆ ಮುರಿದಿತ್ತು. ದಾನಿ ಓಡಿ ಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ತನ್ನ ಬೆಲ್ಟನ್ನು ಬಿಚ್ಚಿ ದೂರಕ್ಕೆ ಎಸೆದಳು. ಅದನ್ನು ಕಂಡ ಮೇಲೆಯೇ ನಾನು ಕಣ್ಣು ಮುಚ್ಚಿದ್ದು.

ಪ್ರೀತಂ ಕೆಟ್ಟವನಲ್ಲ ಎಂದು ಹೇಳಲು ನನಗೆ ಈಗಲೂ ಕಷ್ಟ, ಆದರೂ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು, ಒಂದು ಸಲ ಕೈಯಲ್ಲಿ ಜಗ್ಗಿ ನೋಡಬೇಕಿತ್ತಮ್ಮಾ, ಪರದೆಯಲ್ಲಿ ಅಷ್ಟು ಚೆನ್ನಾಗಿ ಕಾಣಿಸುತ್ತಿತ್ತು ಎಂದು ತಲೆ ತಗ್ಗಿಸಿದ. ನಾನು ಬಿದ್ದ ವಿಡಿಯೊವನ್ನು ಅವರು ಇದ್ದದ್ದು ಇದ್ದ ಹಾಗೆಯೇ ಬಿಟ್ಟರು. ಅಲುಗಾಟ, ಗಾಳಿಯ ಸದ್ದು, ಅರ್ಧ ಹೊತ್ತು ಬರೀ ಆಕಾಶ, ಆಮೇಲೆ ನಾನು. ಮುದುಕಿಗೆ ಎಷ್ಟು ಕೊಟ್ಟಿರಿ ಎಂದು ಒಬ್ಬ ಬರೆದ. ಬೇರೆ ಕಂಪನಿಯವರ ಕುತಂತ್ರ ಎಂದ ಇನ್ನೊಬ್ಬ. ನಂಬಿದವರೂ ಇದ್ದರು. ಕಂಪನಿಯವರು ಬೆಲ್ಟು ತರಿಸಿಕೊಂಡ ಎಲ್ಲರಿಗೂ, ಹಾಕಿಕೊಳ್ಳಬೇಡಿ, ವಾಪಸು ಕಳಿಸಿ ಎಂದು ಕಾಗದ ಬರೆದರು. ನನ್ನ ಹಟಕ್ಕೆ ವಿಳಾಸ ನಮ್ಮ ಮನೆಯದನ್ನೇ ಕೊಟ್ಟರು.

ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕೂತು ದಿನಾ ಪಾರ್ಸೆಲ್ ಬಿಚ್ಚಿದೆ. ಬಂದದ್ದನ್ನೆಲ್ಲ ದಾನಿ ಕತ್ತರಿಸಿ ಹಾಕುತ್ತಿದ್ದಳು. ಎರಡು ತಿಂಗಳಲ್ಲಿ ಮುನ್ನೂರ ಎಪ್ಪತ್ತು ಬಂದವು. ಕೆಲವರು ಬೈದು ಚೀಟಿ ಇಟ್ಟಿದ್ದರು, ಒಬ್ಬಳು ಕಾಲು ಬೇಗ ಗುಣವಾಗಲಿ ಎಂದು ಬರೆದಿದ್ದಳು. ಮುನ್ನೂರ ಎಪ್ಪತ್ತೊಂದನೆಯದು ಕಳೆದ ಸೋಮವಾರ ಬಂತು. ಒಳಗೆ ಚೀಟಿ ಇರಲಿಲ್ಲ. ಬೆಲ್ಟಿನ ಹೊಲಿಗೆ ಬಿಚ್ಚಿಕೊಂಡಿತ್ತು. ಯಾರೋ ಪರೀಕ್ಷೆ ಮಾಡಲೆಂದು ಕತ್ತರಿಸಿರಬಹುದು ಎಂದಳು ದಾನಿ. ನಾನು ಚಾಳೀಸು ಹಾಕಿಕೊಂಡು ದಾರದ ತುದಿ ನೋಡಿದೆ. ಕತ್ತರಿಸಿದ ತುದಿ ನುಣ್ಣಗಿರುತ್ತದೆ. ಇದರದು ಪಿಸಿದು ಉದ್ದಕ್ಕೆ ಎಳೆದುಕೊಂಡಿತ್ತು. ಕ್ವಾರಿಯಲ್ಲಿ ನನ್ನದು ಹರಿದಿದ್ದೂ ಹೀಗೆಯೇ.

ಮೇಲಿದ್ದ ಹೆಸರು ಒಬ್ಬ ಗಂಡಸಿನದು, ಕೆಳಗೆ ಫೋನ್ ನಂಬರಿತ್ತು. ದಾನಿ ನಾನು ಮಾತಾಡುತ್ತೇನೆ ಎಂದಳು, ನಾನು ಕೊಡಲಿಲ್ಲ. ಆ ಕಡೆ ಎತ್ತಿದ್ದು ಒಬ್ಬ ಹೆಂಗಸು, ನನ್ನ ವಯಸ್ಸಿನ ದನಿ. ಯಾರು ಎಂದು ಕೇಳಿದಳು.

"ನಾ ಆ ಬೆಲ್ಟ್ ಹೊಲಿದಾಕಿರೀ," ಎಂದೆ.

ನಿಮ್ಮ ಕಾಗದ ಬರುವ ಹೊತ್ತಿಗೆ ನನ್ನ ಮಗ ಹೋಗಿ ಒಂಬತ್ತು ದಿನ ಆಗಿತ್ತು ಎಂದಳು ಅವಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿ ಎಂದು ಬೇಡಿಕೊಂಡೆ. ಅವಳು ಬೈಯಲಿಲ್ಲ. ಅವನು ಆ ವಿಡಿಯೊವನ್ನು ದಿನಾ ನೋಡುತ್ತಿದ್ದ, ನನಗೂ ತೋರಿಸುತ್ತಿದ್ದ ಎಂದಳು.

"ಅದ್ರಲ್ಲಿ ಬೀಳ್ತಾಳಲ್ಲ, ಆ ಹುಡುಗಿ ನಿಮಗೆ ಗೊತ್ತಾ?"

ನನ್ನ ಮಗಳು ಎಂದೆ.

"ಅವಳು ಚೆನ್ನಾಗಿದಾಳಾ?" ಎಂದು ಕೇಳಿದಳು.

ದಾನಿ ನನ್ನ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದಳು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ.